3 ಲಕ್ಷ ಕಿ.ಮೀ. ಓಡಿದ ಪಿಕಪ್ಪನ್ನು ಯಾಕೆ ಮಾರಿಲ್ಲ ಅಂತ ಕೇಳುವವರಿಗೆ

"ಮೀಟರು 3 ಲಕ್ಷ ದಾಟಿದೆಯಲ್ಲ ಮಾರಾಯ್ರೇ, ಇನ್ನೂ ಇಟ್ಕೊಂಡಿದ್ದೀರಾ? ಕೊಟ್ಟು ಹೊಸದು ತಗೊಳ್ಳಿ." ಮೂಡಿಗೆರೆ ಸಂತೆಯಲ್ಲೂ ಇದೇ, ಮದುವೆಮನೆ ಪಂಕ್ತಿಯಲ್ಲೂ ಇದೇ. ಕೇಳುವವರು ಯಾರೂ ಬಾನೆಟ್ ಎತ್ತುವುದಿಲ್ಲ, ಬಗ್ಗಿ ಅಡಿ ನೋಡುವುದಿಲ್ಲ. ಕಿಟಕಿಯೊಳಗೆ ತಲೆ ತೂರಿಸಿ ಅಂಕಿ ಓದುತ್ತಾರೆ. ಹಳೇ ಗಾಡಿಯ ಮೀಟರ್ ಕೇಬಲ್ ತುಂಡಾದರೆ ಚಕ್ರ ತಿರುಗುತ್ತಲೇ ಇರುತ್ತದೆ, ಅಂಕಿ ಅಲ್ಲೇ ಇರುತ್ತದೆ. ಅದನ್ನು ನಂಬಿ ಬುದ್ಧಿ ಹೇಳಲು ಬರಬೇಡಿ.

ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್ ಕಂಡ ಡೀಸೆಲ್ ಎಂಜಿನ್ 3 ಲಕ್ಷಕ್ಕೆಲ್ಲ ಹೆದರುವುದಿಲ್ಲ. ಮಲೆನಾಡಿನಲ್ಲಿ ಪಿಕಪ್ಪನ್ನು ತಿನ್ನುವುದು ನೀರು. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರಿನ ಗುಂಡು) ಮಳೆಗಾಲದ ಹಳ್ಳಕ್ಕೆ ಇಳಿದರೆ ಥಟ್ಟನೆ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್, ಅಂದರೆ ಗಾಳಿ ಆಡುವ ಕಿಂಡಿ, ಕೆಸರು ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿಯಿಂದ ಹಳ್ಳದ ನೀರನ್ನೇ ಎಳೆದುಕೊಳ್ಳುತ್ತದೆ. ಒಳಗಿನ ಎಣ್ಣೆ, ಹಾಲು ಬೆರೆಸಿದ ಕಾಫಿಯ ಹಾಗೆ ಇಳಿದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ. ಹಾಗೇ ಬಿಟ್ಟರೆ ಬೇರಿಂಗ್, ಕ್ರೌನ್ ಪಿನಿಯನ್ (ಒಳಗಿನ ಹಲ್ಲುಚಕ್ರ ಜೋಡಿ) ಎರಡಕ್ಕೂ ತುಕ್ಕು. ಬ್ರೀದರನ್ನು ಡೀಸೆಲ್‌ನಲ್ಲಿ ತೊಳೆದು, ಒಂದು ರಬ್ಬರ್ ಟ್ಯೂಬ್ ಸಿಕ್ಕಿಸಿ ಚಾಸಿಯ ಎತ್ತರಕ್ಕೆ ಒಯ್ದು ಕಟ್ಟಿ. ಎಣ್ಣೆ ಬದಲಿಸುವಾಗ ಮೊದಲು ಎಣ್ಣೆ ತುಂಬುವ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ, ಆಮೇಲೆ ಇಳಿಸುವ ಡ್ರೈನ್ ಬೋಲ್ಟ್. ಎಣ್ಣೆಯೆಲ್ಲ ಇಳಿಸಿದ ಮೇಲೆ ಫಿಲ್ಲರ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಂಗಳದಲ್ಲೇ ಕೂತಿತು. ಇನ್ನೊಂದು: ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಅಂತ ಕೈಪಿಡಿಯಲ್ಲಿದ್ದರೆ, ಡಿಫರೆನ್ಷಿಯಲ್ಲಿಗೆ ತಂದು ಉಳಿದ ಜಿಎಲ್-5 ಅದಕ್ಕೆ ಸುರಿಯಬೇಡಿ. ಅದರಲ್ಲಿರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ.

ಲೋಡ್ ತುಂಬುವ ಹಿಂದಿನ ತೊಟ್ಟಿಯ ಶತ್ರು ಬೇರೆ. ಚೀಲ ಹರಿದು ಚೆಲ್ಲಿದ ಪೊಟ್ಯಾಶ್ ಅಂದರೆ ಉಪ್ಪಿನ ಜಾತಿ, ಕ್ಲೋರೈಡು. ರಬ್ಬರ್ ಮ್ಯಾಟಿನ ಅಡಿ ಅದು ತೇವ ಹಿಡಿದು ಕೂತರೆ ತಗಡು ತೂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹುಳಿನೀರೂ ಹಾಗೇ. ಗೊಬ್ಬರ ಇಳಿಸಿದ ದಿನವೇ ಮ್ಯಾಟ್ ಎತ್ತಿ ತೊಳೆಯಿರಿ. ಇಷ್ಟೇ.

ಇನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಲೋಡ್ ಹಾಕಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ನಿಮ್ಮ ಬ್ರೇಕ್ ಪೆಡಲ್ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಅಂಕಿ ಓದುವುದು ಬಿಟ್ಟು ಇದನ್ನು ಕೇಳಿದ್ದರೆ ಕೂರಿಸಿ ಕಾಫಿ ಕೊಡುತ್ತಿದ್ದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯದು ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದಂತೆ ಅದು 155ರ ತನಕ ಇಳಿಯಬಹುದು. ತಿರುವು ತಿರುವಿಗೂ ಬ್ರೇಕ್ ಒತ್ತಿದರೆ ಡ್ರಮ್ಮಿನ ಬಿಸಿಗೆ ಒಳಗೆ ಆವಿಯಾಗುತ್ತದೆ. ಪೆಡಲ್ ಆವಿಯನ್ನು ಅದುಮುತ್ತದೆ, ಚಕ್ರಕ್ಕೆ ಒತ್ತಡ ಹೋಗುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಸೀಲ್ ಒಡೆಯದ ಡಬ್ಬದಿಂದ. ಹೋದ ವರ್ಷ ತೆರೆದಿಟ್ಟ ಅರ್ಧ ಡಬ್ಬ ಆಗಲೇ ನೀರು ಕುಡಿದಿರುತ್ತದೆ.

ಬದಲಿಸುವಾಗ ಬ್ರೇಕ್ ಪೈಪಿಗೆ ಸೇರಿದ ಏರ್ (ಗಾಳಿ) ತೆಗೆಯಲು ಸೀಟಿನಲ್ಲಿ ಹೇಳಿದ ಮಾತು ಕೇಳುವ ಒಬ್ಬರು ಬೇಕು (ಮನೆಯಲ್ಲಿ ಇಂಥವರು ಸಿಗುವುದೇ ಕಷ್ಟ). ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಹಿಂದೆ ಏರ್ ಬಿಡುವ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಕೂರಿಸಿ, ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಸೀಟಿನಲ್ಲಿರುವವರು ಪೆಡಲ್ ಒತ್ತಿ ಹಿಡಿಯಬೇಕು, ನೀವು ಸಡಿಲಿಸಿ ಮುಚ್ಚಬೇಕು, ಮುಚ್ಚಿದ ಮೇಲೇ ಅವರು ಕಾಲೆತ್ತಬೇಕು. ಈ ಕ್ರಮ ತಪ್ಪಿದರೆ ತೆಗೆದ ಗಾಳಿ ವಾಪಸ್. ಮೇಲಿನ ಬ್ರೇಕ್ ಆಯಿಲ್ ಟ್ಯಾಂಕ್ ಖಾಲಿಯಾದರೂ ಅದೇ ಕಥೆ, ಮೊದಲಿಂದ ಶುರು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಬಣ್ಣ ಸುಲಿಯುತ್ತದೆ.

ಡ್ರಮ್ ಬಿಚ್ಚಿದಾಗ ಒಳಗಿನ ವೀಲ್ ಸಿಲಿಂಡರಿನ (ಬ್ರೇಕ್ ಪಟ್ಟಿಯನ್ನು ಡ್ರಮ್ಮಿಗೆ ಒತ್ತುವುದು) ರಬ್ಬರ್ ಟೋಪಿ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಬದಲಿಸಿ. ಅಲ್ಲಿ ಒಣಗಿದ್ದು ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಮಾತ್ರ ಎಣ್ಣೆಯಾಗಿ ಗಂಧಕದ ಕಮಟು ಬಂದರೆ ಅದು ಗೇರ್ ಆಯಿಲ್, ಹೋಗಿರುವುದು ಆಕ್ಸಲ್ ಸೀಲ್. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಉಜ್ಜಿ ಮತ್ತೆ ಹಾಕುವ ಜಾಣರಿದ್ದಾರೆ. ಬೇಡ. ಎರಡೂ ಕಡೆ ಹೊಸದೇ ಹಾಕಿ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಎಳೆಯುತ್ತದೆ. ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ, ಜಂಬಿಟ್ಟಿಗೆ, ಹಾಲೋ ಬ್ಲಾಕ್ ಇಟ್ಟೂ ಹೋಗಬೇಡಿ; ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಕಬ್ಬಿಣದ ಸ್ಟ್ಯಾಂಡ್ ತನ್ನಿ.

ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್, ಪಂಪಿನ ಕೆಲಸ ಮನೆಯಲ್ಲಾಗದು. ಒತ್ತಡ ಅಳೆಯುವ ಯಂತ್ರ ಇರುವ ಪಂಪ್ ಅಂಗಡಿಗೆ ಬಿಚ್ಚಿ ಕಳಿಸಿ.

ಮಾರುವುದು ಯಾವಾಗ ಅಂದಿರಲ್ಲ? ಹಿಂದಿನ ಸ್ಪ್ರಿಂಗ್ ಪ್ಲೇಟು ಚಾಸಿಗೆ ಕೂರುವ ಬ್ರಾಕೆಟ್ಟಿನ ಸುತ್ತ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಸದ್ದು ಮಂಕಾಗಿ, ತುಕ್ಕು ಪದರ ಪದರವಾಗಿ ಉದುರಿ, ಸ್ಕ್ರೂಡ್ರೈವರ್ ಒಳಗೆ ಹೊಕ್ಕರೆ ಆ ಗಾಡಿ ಲೋಡಿಗೆ ಆಗದು, ಗುಜರಿಗೆ ಕೊಡಿ. ಅಂಥದ್ದಕ್ಕೂ ತಗಡು ವೆಲ್ಡ್ ಮಾಡಿಸಿ, ಮೇಲೆ ಕಪ್ಪು ಬಣ್ಣ ಬಳಿದು, ಮೀಟರಿನಲ್ಲಿ ಕಡಿಮೆ ಅಂಕಿ ತೋರಿಸಿ ಮಾರುವವರಿದ್ದಾರೆ. ಸೆಕೆಂಡ್‌ಹ್ಯಾಂಡ್ ನೋಡಲು ಹೋದಾಗ ಅಡಿಯಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಮೊದಲು ಅಲ್ಲೇ ಕೆರೆದು ನೋಡಿ.