ಬೇರಿಂಗ್ ಬದಲಿಸಿದ ಮೇಲೂ ನಿಲ್ಲದ ಟಕ್ ಟಕ್

ಕಲಬುರಗಿ ರಿಂಗ್ ರೋಡಿನ ಹತ್ತಿರ ನನ್ನ ಗ್ಯಾರೇಜು. ಹಳ್ಳಿ ಕಡೆ ಓಡಾಡುವ ಜೀಪು, ಪಿಕಪ್ ಗಾಡಿಗಳೇ ಜಾಸ್ತಿ ಬರುತ್ತವೆ. ನಮ್ಮ ಎರೆ ಮಣ್ಣು ಗೊತ್ತಲ್ವಾ? ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದು ಜೋರು ಮಳೆ ಬಿದ್ದರೆ ಸಾಕು, ಟೈರಿನ ಗೆರೆಗಳೆಲ್ಲ ಮುಚ್ಚಿಹೋಗಿ ಗಾಡಿ ನಿಂತಲ್ಲೇ ಜಾರುತ್ತದೆ. ಫೋರ್ ಬೈ ಫೋರ್, ಅಂದರೆ ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ, ಹಾಕದೆ ಹೊಲದಿಂದ ಹೊರಗೆ ಬರುವ ಮಾತೇ ಇಲ್ಲ.

ಹೋದ ಮಳೆಗಾಲ ಮಳಖೇಡದ ಕಡೆಯಿಂದ ಒಂದು ಗಾಡಿ ಬಂತು. ತೊಗರಿ ಹೊಲದ ದಾರಿಯಲ್ಲಿ ಸಿಕ್ಕಿಕೊಂಡಿತ್ತಂತೆ. ಡ್ರೈವರ್ ಫೋರ್ ವೀಲ್ ಹಾಕಿ ಹೊರಗೆ ತಂದಿದ್ದರು. ಡಾಂಬರು ರಸ್ತೆಗೆ ಬಂದ ಮೇಲೆ ಮುಂದಿನ ಎಡಗಾಲಿಯಲ್ಲಿ ಸಪ್ಪಳ ಶುರುವಾಗಿತ್ತು. ಅದನ್ನೇ ಕೇಳುತ್ತಾ ಸುಮಾರು 40 ಕಿ.ಮೀ. ಓಡಿಸಿಕೊಂಡು ಬಂದಿದ್ದರು.

“ಮಿಸ್ತ್ರಿ, ಟಕ್ ಟಕ್ ಅನ್ಲಕತ್ತದರಿ. ಮಾಲಕರು ನನ್ ಮ್ಯಾಗೇ ಸಿಟ್ಟಾಗ್ಯಾರ,” ಅಂದರು.

ನಾನು ಜಾಕಿ ಹಾಕಿ, ಗಾಲಿಯ ಮೇಲೆ ಕೆಳಗೆ ಕೈ ಇಟ್ಟು ಅಲ್ಲಾಡಿಸಿದೆ. ಸ್ವಲ್ಪ ಆಟ, ಅಂದರೆ ಸಡಿಲ ಇತ್ತು. ಅಷ್ಟಕ್ಕೇ ಬೇರಿಂಗ್ ಹೋಗಿದೆ ಅಂದುಬಿಟ್ಟೆ. ಒಳಗಿನದು, ಹೊರಗಿನದು, ಸೀಲು, ಮೂರೂ ತರಿಸಿದೆ. ಬೇರಿಂಗಿಗೆ ಕೈ ಹೋಗಬೇಕಾದರೆ ಮೊದಲು ಲಾಕಿಂಗ್ ಹಬ್, ಅಂದರೆ ಮುಂದಿನ ಗಾಲಿಯನ್ನು ಎಕ್ಸೆಲ್ಲಿಗೆ ಕಚ್ಚಿಸುವ, ಬಿಡಿಸುವ ಭಾಗ, ಬಿಚ್ಚಬೇಕು. ಬಿಚ್ಚಿದಾಗ ಒಳಗಿನ ಗ್ರೀಸು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹಳೆ ಗ್ರೀಸು ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಜೋಡಿಸುವಾಗ ಹಬ್ಬಿನ ತುಂಬಾ ಹೊಸ ಗ್ರೀಸು ಮೆತ್ತಿದೆ. ಜಾಸ್ತಿ ಹಾಕಿದರೆ ಬಾಳಿಕೆ ಜಾಸ್ತಿ ಅಂತ ನನ್ನ ಲೆಕ್ಕ.

ಎರಡನೇ ದಿನಕ್ಕೇ ಗಾಡಿ ವಾಪಸ್ ಬಂತು. ಸಪ್ಪಳ ನಿಂತಿರಲಿಲ್ಲ, ಇನ್ನೂ ಜಾಸ್ತಿಯಾಗಿತ್ತು. ಆ ಡ್ರೈವರ್ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಬೇರಿಂಗಿನ ಬಿಲ್ಲಿಗೂ ಮಾಲಕರು ಅವರನ್ನೇ ಬೈದಿದ್ದರು. ಈ ಸಲ ಪಾನಾ ಮುಟ್ಟಲಿಲ್ಲ. ಚಹಾ ತರಿಸಿ ಪಕ್ಕ ಕೂತೆ.

“ಅಣ್ಣಾ, ರಾಡಿಯಿಂದ ಗಾಡಿ ಹೊರಗ ಬಂದ ಮ್ಯಾಗ ಏನ್ ಮಾಡಿದ್ರಿ? ಒಂದೊಂದೇ ಹೇಳ್ರಿ.”

“ಏನಿಲ್ಲರಿ. ಲಿವರ್ ಟೂ ವೀಲಿಗಿ ಹಾಕಿದೆ. ಸೀದಾ ರೋಡಿಗಿ ಬಂದೆ.”

“ಹಿಂದಕ್ ತಗೊಂಡಿದ್ರೇನು?”

“ಹಿಂದಕ್ಯಾಕ್ರಿ? ಹಿಂದ ರಾಡಿನೇ ಇತ್ತಲ್ರಿ.”

ಮೊದಲ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ಇದು. ಆ ಗಾಡಿಯದು ಆಟೋಮ್ಯಾಟಿಕ್ ಲಾಕಿಂಗ್ ಹಬ್. ಫೋರ್ ವೀಲ್ ಹಾಕಿದಾಗ ಎಕ್ಸೆಲ್ ತಿರುಗುವ ಬಲಕ್ಕೆ ಒಳಗಿನ ಕ್ಯಾಮ್ (ತಿರುಗಿದಾಗ ಪಕ್ಕದ ಭಾಗವನ್ನು ತಳ್ಳುವ ತುಂಡು) ಹಲ್ಲುಗಳಿರುವ ಬಳೆಯೊಂದನ್ನು ಮುಂದಕ್ಕೆ ತಳ್ಳುತ್ತದೆ. ಆಗ ಎಕ್ಸೆಲ್ಲೂ ಗಾಲಿಯೂ ಕಚ್ಚಿಕೊಳ್ಳುತ್ತವೆ. ಲಿವರ್ ಟೂ ವೀಲಿಗೆ ಹಾಕಿದ ಮಾತ್ರಕ್ಕೆ ಈ ಕಚ್ಚು ಬಿಡುವುದಿಲ್ಲ. ಬಂದ ದಿಕ್ಕಿಗೆ ಎದುರಾಗಿ, ಅಂದರೆ ನೇರ ಹಿಂದಕ್ಕೆ ಒಂದೆರಡು ಮೀಟರ್ ಹೋದರೆ ಕ್ಯಾಮ್ ಸಡಿಲವಾಗಿ ಹಲ್ಲು ಹಿಂದೆ ಸರಿಯುತ್ತದೆ. ಡ್ರೈವರ್ ಅಣ್ಣನ ತಪ್ಪೇನೂ ಇಲ್ಲ, ಇದನ್ನು ಅವರಿಗೆ ಯಾರೂ ಹೇಳಿರಲೇ ಇಲ್ಲ. ಕೆಲವರು ಗಟ್ಟಿ ರಸ್ತೆಗೆ ಬಂದ ಮೇಲೂ ಫೋರ್ ವೀಲಲ್ಲೇ ತಿರುಗಿಸುತ್ತಾರೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ರಾಡಿಯಲ್ಲಾದರೆ ಟೈರು ಜಾರಿ ಹೊಂದಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಹಾಗಾಗಿ ಆ ತಿರುಚು ಪೂರ್ತಿ ಗೇರು, ಎಕ್ಸೆಲ್, ಹಬ್ಬಿನ ಮೇಲೆ ಬಿಗಿಯುತ್ತದೆ. ಬಿಗಿದ ಹಲ್ಲು ಸುಮ್ನೆ ಬಿಡುವುದಿಲ್ಲ.

ಮುಂದಿನ ಎರಡೂ ಗಾಲಿ ಎತ್ತಿ ಸ್ಟ್ಯಾಂಡ್ ಕೊಟ್ಟೆವು. ಹಿಂದಿನ ಗಾಲಿಗಳಿಗೆ ಕಲ್ಲು ಇಟ್ಟು, ಲಿವರ್ ಟೂ ವೀಲಿನಲ್ಲಿ ಬಿಟ್ಟೆ. ಬಲಗಾಲಿ ಕೈಯಲ್ಲಿ ತಿರುಗಿಸಿದರೆ ಆ ಗಾಲಿಯ ಎಕ್ಸೆಲ್ ಅಲ್ಲಾಡಲೇ ಇಲ್ಲ. ಅದು ಸರಿ. ಎಡಗಾಲಿ ತಿರುಗಿಸಿದರೆ ಎಕ್ಸೆಲ್ ಸ್ವಲ್ಪ ದೂರ ಜೊತೆಗೆ ಬಂದು, ಟಕ್ ಅಂತ ಹಾರಿ ನಿಲ್ಲುತ್ತಿತ್ತು. ಮತ್ತೆ ಬಂದು ಮತ್ತೆ ಟಕ್. ಹಲ್ಲು ಪೂರ್ತಿ ಕಚ್ಚಿರಲಿಲ್ಲ, ಪೂರ್ತಿ ಬಿಟ್ಟೂ ಇರಲಿಲ್ಲ. ತುದಿಗೆ ತುದಿ ತಾಗಿ ಹಾರುತ್ತಿತ್ತು. ಗಾಡಿ ಇಳಿಸಿ, ಗ್ಯಾರೇಜಿನ ಹಿಂದಿನ ಮಣ್ಣಿನ ಜಾಗದಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೆ ಸಪ್ಪಳವೇ ಇಲ್ಲ! ಹಲ್ಲು ಪೂರ್ತಿ ಕೂತರೆ ಹಾರುವುದು ಎಲ್ಲಿಂದ?

ಬೇರಿಂಗಿನ ಸಪ್ಪಳ ಹೀಗಿರುವುದಿಲ್ಲ. ಅದು ಗುಂಯ್ ಅಂತ ಕೊರೆಯುತ್ತದೆ, ವೇಗ ಏರಿದಂತೆ ಏರುತ್ತದೆ. ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಎಳೆದು ಭಾರ ಬದಲಾದರೆ ದನಿಯೂ ಬದಲಾಗುತ್ತದೆ. ಎಕ್ಸೆಲ್ಲಿನ ಜಾಯಿಂಟ್ ಆದರೆ ಪೂರ್ತಿ ತಿರುಗಿಸಿ ಎಕ್ಸಲೇಟರ್ ಕೊಟ್ಟಾಗ ಕಟಕಟ ಅನ್ನುತ್ತದೆ. ಇದನ್ನೆಲ್ಲ ನನ್ನ ಉಸ್ತಾದ್ ಕಲಿಸಿದ್ದರು. ಅವತ್ತು ಗಾಲಿಯ ಆಟ ಕಂಡ ಕೂಡಲೇ ಕಿವಿ ಕೊಡುವುದನ್ನೇ ಬಿಟ್ಟಿದ್ದೆ. ಆ ಆಟ ನಟ್ ಸ್ವಲ್ಪ ಬಿಗಿ ಮಾಡಿದ್ದರೆ ಹೋಗುತ್ತಿತ್ತು. ತೆಗೆದಿಟ್ಟ ಹಳೆ ಬೇರಿಂಗ್ ತೊಳೆದು ನೋಡಿದೆ. ರೋಲರಿನಲ್ಲಿ ಒಂದು ಗೀರೂ ಇರಲಿಲ್ಲ.

ಹಬ್ ಮತ್ತೆ ಬಿಚ್ಚಿ, ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಶಹಾಬಾದ್ ಪರ್ಸಿ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಮುಚ್ಚಳದ ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಒಂದು ಕಡೆ ಹರಿದಿತ್ತು. ಅಲ್ಲಿಂದಲೇ ನೀರು ಒಳಗೆ ಹೋಗಿ ಗ್ರೀಸು ಆ ಚಹಾದ ಬಣ್ಣಕ್ಕೆ ತಿರುಗಿತ್ತು. ಕ್ಯಾಮಿನ ಸಂದಿಯಲ್ಲಿ ಎರೆ ಮಣ್ಣು ಒಣಗಿ ಕಲ್ಲಿನಂತೆ ಕೂತಿತ್ತು. ಅದರ ಮೇಲೆ ನಾನು ಮೆತ್ತಿದ ದಪ್ಪ ಗ್ರೀಸು. ಸ್ಪ್ರಿಂಗಿಗೆ ಹಲ್ಲಿನ ಬಳೆಯನ್ನು ಹಿಂದಕ್ಕೆ ತಳ್ಳಲು ಜಾಗವೇ ಇರಲಿಲ್ಲ. ಬೇರಿಂಗಿಗೆ ಗ್ರೀಸು ತುಂಬಬೇಕು, ಹಬ್ಬಿನೊಳಗೆ ಬೆರಳಲ್ಲಿ ತೆಳ್ಳಗೆ ಸವರಬೇಕು. ಎರಡೂ ಒಂದರ ಪಕ್ಕ ಒಂದು ಇರುತ್ತವೆ, ಆದರೆ ಎರಡರ ಕೆಲಸ ಬೇರೆ.

ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗೆ ಸವರಿ, ಹೊಸ ಒ-ರಿಂಗ್ ಹಾಕಿದೆ. ಬಲಗಡೆಯದನ್ನೂ ಬಿಚ್ಚಿ ನೋಡಿದೆ, ಅಲ್ಲೂ ನೀರು ಹೋಗಲು ಶುರುವಾಗಿತ್ತು. ಆಮೇಲೆ ಡ್ರೈವರ್ ಅಣ್ಣನ ಕೈಯಲ್ಲೇ ಓಡಿಸಿದೆ. ಮಣ್ಣಿನಲ್ಲಿ ಫೋರ್ ವೀಲ್, ನಿಲ್ಲಿಸಿ ಟೂ ವೀಲ್, ಸ್ಟೇರಿಂಗ್ ನೇರ ಇಟ್ಟು ನಿಧಾನಕ್ಕೆ ಮೂರು ಮೀಟರ್ ಹಿಂದಕ್ಕೆ. ಕಿಟಕಿ ಇಳಿಸಿಕೊಂಡು ಸೇಡಂ ರಸ್ತೆಗೆ ಹೋಗಿ ಬಂದೆವು. ಟೈರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಮಾಲಕರಿಗೆ ನಾನೇ ಫೋನ್ ಮಾಡಿ ಹೇಳಿದೆ. ಮೊದಲ ಸಲ ನಾನು ತಪ್ಪು ನೋಡಿದ್ದೆ, ಡ್ರೈವರನ್ನು ಬೈಯಬೇಡಿ ಅಂತ. ಬೇರಿಂಗಿನ ದುಡ್ಡು, ಕೂಲಿ ಎರಡೂ ವಾಪಸ್ ಕೊಟ್ಟೆ. ಎಡ ಹಬ್ಬಿನ ಹಲ್ಲಿನ ಅಂಚು ಆ 40 ಕಿ.ಮೀ.ಯಲ್ಲಿ ಸ್ವಲ್ಪ ಸವೆದು ಗುಂಡಗಾಗಿದೆ, ಅದನ್ನೂ ಮುಚ್ಚಿಡಲಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಗಾಡಿ ತರಲು ಹೇಳಿದ್ದೇನೆ. ಸವೆತ ಜಾಸ್ತಿಯಾಗಿದ್ದರೆ ಮುಂದಿನ ಮಳೆಗೆ ಮೊದಲು ಹಬ್ ಬದಲಿಸಬೇಕು.