ಕಿಲ್ಟ್‌ನ ಆಚೆಗಿನ ಸ್ಕಾಟ್ಲೆಂಡ್

1822ರ ಆಗಸ್ಟ್ ತಿಂಗಳಲ್ಲಿ ಬ್ರಿಟನ್ನಿನ ದೊರೆ ನಾಲ್ಕನೆಯ ಜಾರ್ಜ್ ಲೀತ್ ಬಂದರಿನಲ್ಲಿ ಇಳಿದು ಎಡಿನ್‌ಬರೊ ನಗರವನ್ನು ಪ್ರವೇಶಿಸಿದಾಗ, ಪಟ್ಟದಲ್ಲಿರುವ ಅರಸನೊಬ್ಬ ಸ್ಕಾಟ್ಲೆಂಡಿನ ನೆಲಕ್ಕೆ ಕಾಲಿಟ್ಟು ಸುಮಾರು ನೂರೆಪ್ಪತ್ತು ವರ್ಷಗಳೇ ಕಳೆದಿದ್ದವು. ಸ್ವಾಗತದ ಉಸ್ತುವಾರಿ ಹೊತ್ತವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ನಗರದ ವಕೀಲರು, ವರ್ತಕರು, ಜಮೀನ್ದಾರರೆಲ್ಲ ಆತನ ಸೂಚನೆಯಂತೆ ಚೌಕಳಿ ವಿನ್ಯಾಸದ ಟಾರ್ಟನ್ ಬಟ್ಟೆಗಾಗಿ ದರ್ಜಿಗಳ ಬಾಗಿಲು ತಟ್ಟಿದರು. ನೃತ್ಯಕೂಟವೊಂದಕ್ಕೆ ಸಮವಸ್ತ್ರದಲ್ಲಿ ಬರದ ಗಂಡಸರು ಹೈಲ್ಯಾಂಡ್, ಅಂದರೆ ಗುಡ್ಡಗಾಡು ಸೀಮೆಯ, ಉಡುಪಿನಲ್ಲಿಯೇ ಬರಬೇಕೆಂಬ ಕಟ್ಟಪ್ಪಣೆಯೂ ಹೊರಟಿತು. ಸ್ಥೂಲಕಾಯದ ದೊರೆ ತಾನೂ 1,300 ಪೌಂಡ್‌ಗಿಂತ ಹೆಚ್ಚು ಖರ್ಚು ಮಾಡಿ ಸಿದ್ಧಪಡಿಸಿಕೊಂಡ ವೇಷದಲ್ಲಿ, ಮೊಣಕಾಲಿಗಿಂತ ಮೇಲೆ ನಿಂತ ಕಿಲ್ಟ್ ಎಂಬ ನೆರಿಗೆಯ ಲಂಗ ಮತ್ತು ಅದರಡಿ ಮೈಬಣ್ಣದ ಬಿಗಿ ಕಾಲುಡುಪು ತೊಟ್ಟು, ಹಾಲಿರೂಡ್ ಅರಮನೆಯ ದರ್ಬಾರಿನಲ್ಲಿ ಕಾಣಿಸಿಕೊಂಡ. ವ್ಯಂಗ್ಯಚಿತ್ರಕಾರರಿಗೆ ಅದು ಹಬ್ಬವಾಯಿತು. ಸ್ಕಾಟ್‌ನ ಅಳಿಯ ಲಾಕ್‌ಹಾರ್ಟ್ ಕೂಡ ಮುಂದೆ ಈ ಇಡೀ ಸಂಭ್ರಮವನ್ನು ಒಂದು ಬಗೆಯ ಭ್ರಮೆಯೆಂದೇ ಬರೆದ.

ಇಂದು ಸ್ಕಾಟ್ಲೆಂಡ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಬಹುಮಟ್ಟಿಗೆ ಆ ಎರಡು ವಾರಗಳಲ್ಲಿ ಗಟ್ಟಿಗೊಂಡದ್ದು. ಅಲ್ಲಿಯವರೆಗೆ ದಕ್ಷಿಣದ ತಗ್ಗುನಾಡಿನ ಜನ, ಅಂದರೆ ಸ್ಕಾಟ್ಲೆಂಡಿನ ಬಹುಸಂಖ್ಯಾತರು, ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡಿನ ಗೇಲಿಕ್ ಭಾಷಿಕರನ್ನು ತಮ್ಮವರೆಂದು ಹೆಮ್ಮೆಯಿಂದ ಹೇಳಿಕೊಂಡದ್ದು ಕಡಿಮೆ. ದನಗಳ್ಳರು, ಅನಾಗರಿಕರು ಎಂದು ಹೀಗಳೆದದ್ದೇ ಹೆಚ್ಚು. 1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ, ಬ್ರಿಟನ್ನಿನ ಪಟ್ಟವನ್ನು ತನ್ನ ಮನೆತನಕ್ಕೆ ಮರಳಿ ಪಡೆಯಲು ಬಂಡೆದ್ದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್‌ನ ಪಡೆ ಒಂದು ಗಂಟೆಯೂ ನಿಲ್ಲಲಾಗದೆ ಸೋತಾಗ, ಎದುರಿನ ಸರ್ಕಾರಿ ಸೇನೆಯಲ್ಲಿ ಸ್ಕಾಟರೂ ಗಣನೀಯ ಸಂಖ್ಯೆಯಲ್ಲಿದ್ದರು. ಅದನ್ನು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಯುದ್ಧವೆಂದು ಹೇಳುವ ರೂಢಿ ಎಷ್ಟು ಬೇರೂರಿದೆಯೆಂದರೆ, ಈ ಸಂಗತಿಯನ್ನು ಪ್ರತಿ ಸಲವೂ ನೆನಪಿಸಬೇಕಾಗುತ್ತದೆ. ಸೋಲಿನ ಬೆನ್ನಿಗೇ ಬಂದ ಕಾನೂನು ಗುಡ್ಡಗಾಡಿನ ಗಂಡಸರು ಕಿಲ್ಟ್ ಮತ್ತು ಟಾರ್ಟನ್ ತೊಡುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷಗಳ ಗಡೀಪಾರು. ದೊರೆಯ ಸೈನ್ಯದಲ್ಲಿ ಸೇರಿದವರಿಗೆ ಮಾತ್ರ ವಿನಾಯಿತಿ ಇತ್ತು. ಹೀಗಾಗಿ 1782ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಆ ಉಡುಪು ಬಂಡಾಯದ ಗುರುತಾಗಿ ಉಳಿಯದೆ ಸಾಮ್ರಾಜ್ಯದ ಸೈನಿಕರ ಗುರುತಾಗಿತ್ತು. 1799ರ ಮೇ 4ರಂದು ಎಡಿನ್‌ಬರೊ ಸಮೀಪದ ನ್ಯೂಬೈತ್‌ನ ಡೇವಿಡ್ ಬೇರ್ಡ್ ಮುಂದಾಳಾಗಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯಲ್ಲಿಯೂ ಹೈಲ್ಯಾಂಡ್ ರೆಜಿಮೆಂಟುಗಳ ಸೈನಿಕರಿದ್ದರು.

ಎಡಿನ್‌ಬರೊದ ಆ ಮೆರವಣಿಗೆಗೆ ಮೂರೇ ವರ್ಷ ಮೊದಲು, 1819ರಲ್ಲಿ, ಸದರ್‌ಲ್ಯಾಂಡ್ ಸೀಮೆಯ ಸ್ಟ್ರಾತ್‌ನೇವರ್ ಕಣಿವೆಯಿಂದ ಗೇಣಿದಾರ ಕುಟುಂಬಗಳನ್ನು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಲಾಗಿತ್ತು. ಅದೇ ಕಣಿವೆಯಲ್ಲಿ 1814ರಲ್ಲಿ ಮನೆಗಳಿಗೆ ಬೆಂಕಿಯಿಟ್ಟ ಆರೋಪ ಹೊತ್ತ ಜಮೀನುದಾರಿಕೆಯ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್ 1816ರ ವಿಚಾರಣೆಯಲ್ಲಿ ದೋಷಮುಕ್ತನಾಗಿದ್ದ. ಉಡುಪನ್ನು ತಲೆಯ ಮೇಲೆ ಹೊತ್ತು ಮೆರೆಸಿದ ದೇಶ, ಅದನ್ನು ತಲೆಮಾರುಗಳಿಂದ ತೊಟ್ಟವರನ್ನು ಕಡಲಂಚಿಗೂ ಕೆನಡಾಕ್ಕೂ ಅಟ್ಟುತ್ತಿತ್ತು ಎಂಬುದನ್ನು ಬಿಟ್ಟು ಟಾರ್ಟನ್ ಬಗ್ಗೆ ಮಾತನಾಡುವುದು ನನಗೆ ಅಪ್ರಾಮಾಣಿಕವೆನಿಸುತ್ತದೆ. ಒಕ್ಕಲುಗಳಿಗೆ ಭೂಮಿಯ ಮೇಲೆ ಕಾನೂನಿನ ಭದ್ರತೆ ಸಿಕ್ಕದ್ದು ಸ್ಕೈ ದ್ವೀಪದಲ್ಲಿ ಪ್ರತಿಭಟನೆಗಳು ನಡೆದ ಮೇಲೆ, 1886ರಲ್ಲಿ. ಗೇಲಿಕ್ ಭಾಷೆಯ ಕಥೆ ಇನ್ನೂ ಬಡವಾದದ್ದು. ಶಿಕ್ಷಣವನ್ನು ಕಡ್ಡಾಯಗೊಳಿಸಿದ 1872ರ ಕಾಯಿದೆ ಅದರ ಹೆಸರನ್ನೇ ಎತ್ತಲಿಲ್ಲ, ಮತ್ತು 2011ರ ಜನಗಣತಿಯಲ್ಲಿ ಅದನ್ನು ಮಾತನಾಡಬಲ್ಲವರು ಸುಮಾರು 57,000 ಮಂದಿ ಮಾತ್ರ ಇದ್ದರು.

ಹಾಗಾದರೆ 1707ರಲ್ಲಿ ತನ್ನ ಸಂಸತ್ತನ್ನೇ ಬಿಟ್ಟುಕೊಟ್ಟ ನಾಡು ಇಂಗ್ಲೆಂಡಿನ ಒಂದು ಪ್ರಾಂತ್ಯವಾಗಿ ಕರಗಿಹೋಗದೆ ಉಳಿದದ್ದು ಹೇಗೆ? ನನ್ನ ಉತ್ತರ ಸ್ವಲ್ಪ ನೀರಸವಾದದ್ದು: ನ್ಯಾಯಾಲಯ, ಚರ್ಚು, ಶಾಲೆ ಮತ್ತು ಬ್ಯಾಂಕು. ಪನಾಮಾದ ಡೇರಿಯನ್‌ನಲ್ಲಿ ವಸಾಹತು ಸ್ಥಾಪಿಸಲು 1698ರಲ್ಲಿ ಹೊರಟ ಸಾಹಸ ಜ್ವರಕ್ಕೂ ಹಸಿವಿಗೂ ಸ್ಪೇನಿನ ಮುತ್ತಿಗೆಗೂ ಸಿಕ್ಕಿ ನೆಲಕಚ್ಚಿದಾಗ ನಾಡಿನ ಉಳಿತಾಯದ ದೊಡ್ಡ ಪಾಲು ಮುಳುಗಿತು. ಮೇಲಿಂದ, ಸ್ಕಾಟರನ್ನು ಪರದೇಶಿಗಳೆಂದು ಪರಿಗಣಿಸಿ ಅವರ ವ್ಯಾಪಾರವನ್ನು ತಡೆಯುವ ಬೆದರಿಕೆಯನ್ನು ಇಂಗ್ಲೆಂಡ್ 1705ರಲ್ಲಿ ಒಡ್ಡಿತು. ಎರಡು ದೇಶಗಳನ್ನು ಒಂದಾಗಿಸಿದ 1707ರ ಒಕ್ಕೂಟದ ಒಪ್ಪಂದದಂತೆ ಸ್ಕಾಟ್ಲೆಂಡಿಗೆ ದೊರೆತದ್ದು 3,98,085 ಪೌಂಡ್‌ಗಳ ಪರಿಹಾರ ಮತ್ತು ಕೆಳಮನೆಯಲ್ಲಿ 45 ಸ್ಥಾನಗಳು. ಲಂಚದ ಆಪಾದನೆ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಆದರೆ ಸಂಧಾನಕ್ಕೆ ಕೂತವರು ಬರಿಗೈಯಲ್ಲಿ ಎದ್ದು ಬರಲಿಲ್ಲ. ಸ್ಕಾಟ್ಲೆಂಡಿನ ಕಾನೂನು ಮತ್ತು ನ್ಯಾಯಾಲಯಗಳು ಹಾಗೆಯೇ ಮುಂದುವರಿಯುತ್ತವೆಂದು ಒಪ್ಪಂದದಲ್ಲಿಯೇ ಬರೆಸಿಕೊಂಡರು, ಬಿಷಪ್‌ಗಳಿಲ್ಲದ ತಮ್ಮ ಪ್ರೆಸ್ಬಿಟೇರಿಯನ್ ಚರ್ಚಿನ ರಕ್ಷಣೆಗೆ ಪ್ರತ್ಯೇಕ ಕಾಯಿದೆಯನ್ನೇ ಮಾಡಿಸಿಕೊಂಡರು.

ಇವುಗಳಲ್ಲಿ ಕಾನೂನಿನ ಮಹತ್ವವೇ ಹೆಚ್ಚೆಂದು ನಾನು ಭಾವಿಸುತ್ತೇನೆ, ಏಕೆಂದರೆ ಅದು ಮದುವೆ, ಆಸ್ತಿ, ಅಪರಾಧಗಳ ಮೂಲಕ ಸಾಮಾನ್ಯರ ಬದುಕನ್ನು ತಟ್ಟುತ್ತದೆ. 1754ರಲ್ಲಿ ಇಂಗ್ಲೆಂಡಿನ ವಿವಾಹ ಕಾನೂನು ಬಿಗಿಯಾದಾಗ, ತಂದೆತಾಯಿಯರ ಒಪ್ಪಿಗೆಯಿಲ್ಲದ ಹರೆಯದ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡಿಬಂದು ಸಾಕ್ಷಿಗಳೆದುರು ಮದುವೆಯಾಗತೊಡಗಿದ್ದು ಎರಡು ಕಾನೂನುಗಳ ನಡುವಿನ ಈ ಅಂತರದಿಂದಲೇ. ಜಮೈಕಾದಿಂದ ಗುಲಾಮನಾಗಿ ಕರೆತರಲ್ಪಟ್ಟ ಜೋಸೆಫ್ ನೈಟ್ ತನ್ನ ಬಿಡುಗಡೆಗಾಗಿ ಹೂಡಿದ ಹೋರಾಟದಲ್ಲಿ, ಸ್ಕಾಟ್ಲೆಂಡಿನ ಕಾನೂನು ಗುಲಾಮಗಿರಿಯನ್ನು ಮಾನ್ಯಮಾಡುವುದಿಲ್ಲವೆಂದು ಅಲ್ಲಿನ ಉನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್ 1778ರಲ್ಲಿ ತೀರ್ಪಿತ್ತಿತು. ಅದೇ ಕಾಲದಲ್ಲಿ ಗ್ಲಾಸ್ಗೊ ನಗರದ ವರ್ತಕರು ಗುಲಾಮರು ಬೆಳೆದ ತಂಬಾಕು ಮತ್ತು ಸಕ್ಕರೆಯಿಂದ ಮಹಲುಗಳನ್ನು ಕಟ್ಟುತ್ತಿದ್ದರು ಎಂಬುದನ್ನು ಮುಚ್ಚಿಟ್ಟು ಆ ತೀರ್ಪಿನ ಕೀರ್ತಿಯನ್ನಷ್ಟೇ ಹಾಡಲಾಗದು. ತೀರಾ ಈಚಿನವರೆಗೆ ಅಲ್ಲಿನ ಅಪರಾಧ ವಿಚಾರಣೆಗಳಲ್ಲಿ 15 ಮಂದಿಯ ಜ್ಯೂರಿ ಸರಳ ಬಹುಮತದಿಂದ ನಿರ್ಧರಿಸುತ್ತಿತ್ತು, ಮತ್ತು ತಪ್ಪಿತಸ್ಥ, ನಿರಪರಾಧಿ ಎಂಬ ಎರಡರ ಜೊತೆಗೆ ‘ಸಾಬೀತಾಗಿಲ್ಲ’ ಎಂಬ ಮೂರನೆಯ ತೀರ್ಪಿಗೂ ಅವಕಾಶವಿತ್ತು. 2025ರಲ್ಲಿ ಇವೆರಡನ್ನೂ ಬದಲಿಸುವ ಕಾಯಿದೆಯನ್ನು ಅಂಗೀಕರಿಸಿದ್ದು ಎಡಿನ್‌ಬರೊದ ಸಂಸತ್ತು, ಲಂಡನ್ನಿನದಲ್ಲ.

ಚರ್ಚಿನ ಸ್ವಾತಂತ್ರ್ಯ ಅಷ್ಟು ಸುಲಭವಾಗಿ ಉಳಿಯಲಿಲ್ಲ. ಊರಿನ ಪಾದ್ರಿಯನ್ನು ಜಮೀನ್ದಾರನೇ ನೇಮಿಸುವ ಹಕ್ಕನ್ನು ಒಕ್ಕೂಟವಾದ ಐದೇ ವರ್ಷಗಳಲ್ಲಿ ಲಂಡನ್ನಿನ ಸಂಸತ್ತು ಮತ್ತೆ ಹೇರಿತು. ಆ ಅಸಮಾಧಾನ ಕುದಿದು 1843ರಲ್ಲಿ ಪಾದ್ರಿ ಥಾಮಸ್ ಚಾಮರ್ಸ್ ಮುಂದಾಳುತನದಲ್ಲಿ ಸುಮಾರು 450 ಪಾದ್ರಿಗಳು ಸಂಬಳವನ್ನೂ ವಾಸದ ಮನೆಯನ್ನೂ ತೊರೆದು ಹೊರನಡೆದರು. ಒಂದು ತತ್ವಕ್ಕಾಗಿ ಇಷ್ಟು ಜನ ಒಟ್ಟಿಗೆ ಅನ್ನದ ದಾರಿಯನ್ನೇ ಬಿಟ್ಟದ್ದು ಕಿಲ್ಟ್‌ನ ಮೆರವಣಿಗೆಗಿಂತ ಆ ನಾಡಿನ ಸ್ವಭಾವದ ಬಗ್ಗೆ ಹೆಚ್ಚು ಹೇಳುತ್ತದೆ. ಹಾಗೆಂದು ಆ ಶ್ರದ್ಧೆ ಇಂದಿಗೂ ಇದೆಯೆನ್ನಲಾಗದು. 2022ರ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ಯಾವ ಧರ್ಮವೂ ಇಲ್ಲವೆಂದು ಬರೆಸಿದ್ದಾರೆ.

ಬ್ಯಾಂಕಿನ ವಿಷಯದಲ್ಲಿ ಮತ್ತೆ ವಾಲ್ಟರ್ ಸ್ಕಾಟ್ ಎದುರಾಗುತ್ತಾನೆ. ಐದು ಪೌಂಡ್‌ಗಿಂತ ಕಡಿಮೆ ಮೌಲ್ಯದ ನೋಟುಗಳನ್ನು ಸ್ಕಾಟ್ಲೆಂಡಿನ ಬ್ಯಾಂಕುಗಳು ಹೊರಡಿಸದಂತೆ ಮಾಡಲು ಸರ್ಕಾರ 1826ರಲ್ಲಿ ಹೊರಟಾಗ, ಆತ ಗುಪ್ತನಾಮದಲ್ಲಿ ಪತ್ರಗಳನ್ನು ಬರೆದು ವಿರೋಧಿಸಿದ, ಸರ್ಕಾರ ಹಿಂದೆ ಸರಿಯಿತು. ಬ್ಯಾಂಕ್ ಆಫ್ ಸ್ಕಾಟ್ಲೆಂಡ್‌ನ ನೋಟುಗಳ ಮೇಲೆ ಇಂದಿಗೂ ಆತನ ಮುಖವಿದೆ. ದೊರೆಗೆ ಕಿಲ್ಟ್ ತೊಡಿಸಿದವನೆಂದು ಆತನನ್ನು ಗೇಲಿ ಮಾಡುವವರು ಈ ಪತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1979ರ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಶೇ. 51.6ರಷ್ಟು ಮಂದಿ ಪ್ರತ್ಯೇಕ ಶಾಸನಸಭೆಯನ್ನು ಬಯಸಿದರೂ, ಒಟ್ಟು ಮತದಾರರಲ್ಲಿ ಶೇ. 40ರ ಬೆಂಬಲ ಬೇಕೆಂಬ ಷರತ್ತಿನಿಂದ ಅದು ಬಿದ್ದುಹೋಯಿತು. 1997ರಲ್ಲಿ ಶೇ. 74.3ರಷ್ಟು ಒಪ್ಪಿಗೆ ಸಿಕ್ಕಿ, 1999ರ ಮೇ ತಿಂಗಳಲ್ಲಿ ಸಂಸತ್ತು ಮತ್ತೆ ಸೇರಿತು. 2014ರ ಸೆಪ್ಟೆಂಬರ್ 18ರಂದು ಪೂರ್ಣ ಸ್ವಾತಂತ್ರ್ಯದ ಪ್ರಶ್ನೆಯೇ ಮತಪೆಟ್ಟಿಗೆಗೆ ಬಂದಾಗ ಶೇ. 84.6ರಷ್ಟು ಮತದಾನವಾಗಿ, ಶೇ. 55.3ರಷ್ಟು ಮಂದಿ ಬೇಡವೆಂದರು. ಫಲಿತಾಂಶಕ್ಕಿಂತ ನನ್ನನ್ನು ಹೆಚ್ಚು ಸೆಳೆದದ್ದು ಮತದಾರರ ಪಟ್ಟಿ. ಹದಿನಾರು ತುಂಬಿದ, ಸ್ಕಾಟ್ಲೆಂಡಿನಲ್ಲಿ ವಾಸವಿರುವ ಬ್ರಿಟಿಷ್, ಐರೋಪ್ಯ ಒಕ್ಕೂಟದ ಮತ್ತು ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಜಾಗವಿತ್ತು. ಹೀಗಾಗಿ ಅಬರ್ಡೀನ್‌ನಲ್ಲಿ ನೆಲೆಸಿದ ಭಾರತೀಯ ವೈದ್ಯೆಯೊಬ್ಬರು ಆ ದೇಶದ ಹಣೆಬರಹದ ಬಗ್ಗೆ ಮತ ಹಾಕಬಹುದಿತ್ತು. ಇನ್ವರ್ನೆಸ್‌ನಲ್ಲಿ ಹುಟ್ಟಿ, ಅಜ್ಜನ ಟಾರ್ಟನ್ನನ್ನು ಜೋಪಾನವಾಗಿಟ್ಟುಕೊಂಡು ಲಂಡನ್ನಿನಲ್ಲಿ ಬದುಕುತ್ತಿದ್ದವರಿಗೆ ಆ ಹಕ್ಕು ಇರಲಿಲ್ಲ.