ದೇವರಿಗೂ ನಮಗೂ ನಡುವೆ ಇಷ್ಟೊಂದು ಜನ ಯಾಕೆ?

ಕಥೋಲಿಕರಿಗೆ ಬೇರೆಯವರು ಕೇಳುವ ಪ್ರಶ್ನೆಗಳನ್ನು ಗಮನಿಸಿ ನೋಡಿ. ಮಾತೆ ಮರಿಯಳಿಗೆ ಯಾಕೆ ಪ್ರಾರ್ಥನೆ? ಮಾಡಿದ ಪಾಪವನ್ನು ಫಾದರ್ ಹತ್ತಿರ ಯಾಕೆ ಹೇಳಬೇಕು? ಪೋಪ್ ಹೇಳಿದ್ದನ್ನೆಲ್ಲ ನಂಬಲೇಬೇಕಾ? ಸಿಸ್ಟರ್‌ಗಳು ಮದುವೆ, ಮನೆ ಎಲ್ಲ ಬಿಟ್ಟು ಹೋಗುವುದು ಯಾಕೆ? ಬೇರೆ ಬೇರೆ ಅನ್ನಿಸಿದರೂ ಬುಡದಲ್ಲಿ ಇರುವುದು ಒಂದೇ ಪ್ರಶ್ನೆ. ದೇವರ ಹತ್ತಿರ ನಾನೇ ನೇರವಾಗಿ ಮಾತಾಡಿದರೆ ಸಾಲದಾ, ನಡುವೆ ಇವರೆಲ್ಲ ಯಾಕೆ?

ನೇರವಾಗಿ ಮಾತಾಡಬಹುದು. ನಾವೂ ದಿನಾ ಹಾಗೆಯೇ ಪ್ರಾರ್ಥಿಸುತ್ತೇವೆ. ಆದರೆ ನಮ್ಮ ನಂಬಿಕೆಯ ಪ್ರಕಾರ ದೇವರು ಮೇಲಿಂದ ಮಾತು ಕಳಿಸಿ ಸುಮ್ಮನಾಗಲಿಲ್ಲ, ಯೇಸುವಾಗಿ, ಮೈ ಪಡೆದು, ತಾಯಿಯ ಮಡಿಲಿಗೆ ಬಂದರು. ಹಾಗೆ ಬಂದವರು ಈಗಲೂ ನೀರು, ಎಣ್ಣೆ, ರೊಟ್ಟಿ, ಇನ್ನೊಬ್ಬ ಮನುಷ್ಯನ ಕೈ ಮತ್ತು ದನಿಯ ಮೂಲಕ ನಮ್ಮನ್ನು ಮುಟ್ಟುತ್ತಾರೆ. ಇದೊಂದು ಹಿಡಿತಕ್ಕೆ ಸಿಕ್ಕರೆ ಉಳಿದ ಪ್ರಶ್ನೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಮರಿಯಳ ವಿಷಯ ಮೊದಲು. ಆರಾಧನೆ ದೇವರೊಬ್ಬರಿಗೇ. ಪ್ರತಿಮೆಗಳಿಗೆ, ಸಂತರಿಗೆ ಗೌರವ ಕೊಡಬಹುದು, ಆದರೆ ಆರಾಧನೆ ಬೇರೆ ಅಂತ 787ರಲ್ಲಿ ಬಿಷಪರೆಲ್ಲ ಸೇರಿದ್ದ ನಿಸಿಯಾದ ಎರಡನೇ ಮಹಾಸಭೆಯೇ ಬಿಡಿಸಿ ಹೇಳಿತ್ತು. ಜಪಸರ ಹಿಡಿದು ಹೇಳುವ 'ನಮೋ ಮರಿಯ'ದ ಕೊನೆಯ ಭಾಗ ಕೇಳಿಸಿಕೊಳ್ಳಿ. ಈಗಲೂ, ಸಾಯುವ ಹೊತ್ತಿನಲ್ಲೂ ನಮಗಾಗಿ ಪ್ರಾರ್ಥಿಸು ಅನ್ನುವ ಬೇಡಿಕೆ, ಅಷ್ಟೇ. ಕಷ್ಟ ಬಂದಾಗ ಗೆಳತಿಗೆ "ನನಗೋಸ್ಕರ ಪ್ರಾರ್ಥನೆ ಮಾಡು" ಅನ್ನುತ್ತೇವಲ್ಲ, ಹಾಗೆ. ಸಾವು ಆ ನಂಟನ್ನು ಕಡಿಯುವುದಿಲ್ಲ ಅನ್ನುವುದು ನಮ್ಮ ನಂಬಿಕೆ.

ಪೋಪ್ ಆಡಿದ ಮಾತೆಲ್ಲ ತಪ್ಪಿಲ್ಲದ್ದು ಅಂತ ಸಭೆ, ಅಂದರೆ ಕಥೋಲಿಕ ಚರ್ಚ್, ಎಂದೂ ಹೇಳಿಲ್ಲ. ನಂಬಿಕೆ ಮತ್ತು ನೀತಿಯ ವಿಷಯದಲ್ಲಿ, ಇಡೀ ಸಭೆಗೆ ಕೊನೆಯ ತೀರ್ಮಾನವಾಗಿ ಘೋಷಿಸಿದಾಗ ಮಾತ್ರ ತಪ್ಪಿಲ್ಲದ್ದು ಅನ್ನುವ ಮಾತು ಅನ್ವಯಿಸುತ್ತದೆ. 1870ರಲ್ಲಿ ಇದನ್ನು ಸ್ಪಷ್ಟಪಡಿಸಿದ ಮೇಲೆ ಈ ರೀತಿಯ ಘೋಷಣೆ ಬಂದದ್ದು 1950ರಲ್ಲಿ, ಮರಿಯಳ ಸ್ವರ್ಗಾರೋಹಣದ ಬಗ್ಗೆ.

ಪಾಪನಿವೇದನೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಹೆದರುವುದು ಇಲ್ಲೇ. ಕ್ಷಮಿಸುವವರು ದೇವರು, ಫಾದರ್ ಅಲ್ಲ. ಫಾದರ್ ಕೂಡ ಇನ್ನೊಬ್ಬ ಗುರುವಿನ, ಅಂದರೆ ಇನ್ನೊಬ್ಬ ಫಾದರ್ ಹತ್ತಿರ ಹೋಗಿ ನಿವೇದಿಸಬೇಕು, ಪೋಪ್‌ಗೂ ವಿನಾಯಿತಿ ಇಲ್ಲ. ನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ, ಪೊಲೀಸರಿಗೂ, ತನ್ನ ಜೀವ ಉಳಿಸಿಕೊಳ್ಳುವುದಕ್ಕೂ ಹೇಳುವಂತಿಲ್ಲ. ಬೇಕಂತಲೇ ಬಾಯಿಬಿಟ್ಟರೆ ಆ ಕ್ಷಣವೇ ಸಭೆಯಿಂದ ಬಹಿಷ್ಕಾರ. ಹಾಗಂತ ಹೋಗಿ ಹೇಳಿದರೆ ಸಾಕು ಅಂತಲೂ ಅಲ್ಲ. ನಿಜವಾದ ಪಶ್ಚಾತ್ತಾಪ ಬೇಕು, ಮತ್ತೆ ಮಾಡಬಾರದು ಅನ್ನುವ ಮನಸ್ಸು ಬೇಕು, ಕದ್ದಿದ್ದರೆ ವಾಪಸ್ ಕೊಡಬೇಕು. ಗಂಭೀರ ಪಾಪಗಳನ್ನು ವರ್ಷಕ್ಕೆ ಒಮ್ಮೆಯಾದರೂ ನಿವೇದಿಸಬೇಕು ಅನ್ನುವ ನಿಯಮ 1215ರಿಂದಲೂ ಇದೆ. ಮನಸ್ಸಿನಲ್ಲೇ ಕ್ಷಮೆ ಕೇಳಿದಾಗ "ನಿಜಕ್ಕೂ ಕ್ಷಮೆ ಸಿಕ್ಕಿತಾ" ಅನ್ನುವ ಅನುಮಾನ ಎಷ್ಟೋ ಜನರನ್ನು ವರ್ಷಗಟ್ಟಲೆ ಕಾಡುತ್ತದೆ. ದೇವರ ಹೆಸರಿನಲ್ಲಿ ಫಾದರ್ ಹೇಳುವ "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಅನ್ನುವ ಮಾತು ಕಿವಿಗೆ ಬಿದ್ದಾಗ ಆಗುವ ಹಗುರ ಬೇರೆಯೇ. ಅದಕ್ಕೇ ನನಗೆ ಈ ಸಂಸ್ಕಾರದ ಮೇಲೆ ಇಷ್ಟು ಪ್ರೀತಿ.

ಬಲಿಪೂಜೆಗೆ, ಅಂದರೆ ಚರ್ಚಿನಲ್ಲಿ ನಡೆಯುವ ಮಾಸ್‌ಗೆ, ಯಾರು ಬೇಕಾದರೂ ಬರಬಹುದು. ಪರಮಪ್ರಸಾದ ಸ್ವೀಕರಿಸುವುದು ಮಾತ್ರ ಹಾಗಲ್ಲ. ಅದು ನೆನಪಿಗಾಗಿ ಹಂಚುವ ರೊಟ್ಟಿ ಅಲ್ಲ, ನೋಡಲು ರೊಟ್ಟಿಯಾಗಿಯೇ ಉಳಿದರೂ ಅದು ಯೇಸುವಿನ ದೇಹವೇ ಅಂತ ನಾವು ನಂಬುತ್ತೇವೆ. ಉಳಿದ ಪ್ರಸಾದವನ್ನು ಜೋಪಾನವಾಗಿ ಇಟ್ಟು ಪಕ್ಕದಲ್ಲಿ ದೀಪ ಉರಿಸುವುದು, ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ಏನೂ ತಿನ್ನದಿರುವುದು ಎಲ್ಲ ಇದೇ ಕಾರಣಕ್ಕೆ. ಕಥೋಲಿಕರಲ್ಲದವರು ಕೂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ದಯವಿಟ್ಟು ಮುಜುಗರ ಪಡಬೇಡಿ.

ಇನ್ನು ದೈವಕರೆ, ಅಂದರೆ ಫಾದರ್ ಅಥವಾ ಸಿಸ್ಟರ್ ಆಗಲು ದೇವರಿಂದ ಬರುವ ಕರೆ. ಯುವಕ ಯುವತಿಯರು ಕೇಳುವುದು "ಕರೆ ಬಂದಿದೆ ಅಂತ ಗೊತ್ತಾಗೋದು ಹೇಗೆ, ದನಿ ಕೇಳಿಸುತ್ತಾ?" ಅಂತ. ಸಾಮಾನ್ಯವಾಗಿ ಇಲ್ಲ. ಬಿಟ್ಟರೂ ಬಿಡದ ಒಂದು ಸೆಳೆತ ಇರುತ್ತದೆ, ಆದರೆ ಅದೊಂದೇ ಸಾಕಾಗುವುದಿಲ್ಲ, ಸಭೆಯೂ ಅದನ್ನು ಪರೀಕ್ಷಿಸಿ ಒಪ್ಪಬೇಕು. ಮದರ್ ತೆರೇಸಾ ಅವರನ್ನೇ ನೋಡಿ. 1946ರಲ್ಲಿ ರೈಲಿನಲ್ಲಿ ಹೋಗುವಾಗ ಬಡವರ ನಡುವೆ ಬದುಕುವ ಕರೆ ಬಂತು ಅಂತ ಅವರಿಗೆ ಖಾತ್ರಿಯಾಗಿತ್ತು. ಆದರೂ ಅನುಮತಿ ಸಿಕ್ಕಿ ಕಾನ್ವೆಂಟಿನಿಂದ ಹೊರಬಿದ್ದದ್ದು 1948ರಲ್ಲಿ. ಆಮೇಲೆ ಎಷ್ಟೋ ವರ್ಷ ಪ್ರಾರ್ಥನೆಯಲ್ಲಿ ಅವರಿಗೆ ಕಂಡದ್ದು ಬರೀ ಕತ್ತಲೆ, ಅವರ ಪತ್ರಗಳಲ್ಲೇ ಅದಿದೆ. ಹಾಗಾಗಿ ಒಳಗೆ ಏನೂ ಅನ್ನಿಸುತ್ತಿಲ್ಲ ಅಂದ ಮಾತ್ರಕ್ಕೆ ಕರೆ ಇಲ್ಲ ಅಂತ ತೀರ್ಮಾನಿಸಬೇಡಿ.

ಗುರುವಾಗಲು ಕನಿಷ್ಠ 2 ವರ್ಷ ತತ್ವಶಾಸ್ತ್ರ, 4 ವರ್ಷ ದೈವಶಾಸ್ತ್ರ ಓದಬೇಕು, ಸಾಮಾನ್ಯವಾಗಿ 25 ವರ್ಷ ತುಂಬಿರಬೇಕು. ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶದ, ಗುರುಗಳು ಬಡತನದ ವ್ರತ ತೊಡುವುದಿಲ್ಲ, ಬ್ರಹ್ಮಚರ್ಯ ಮತ್ತು ಬಿಷಪರಿಗೆ ವಿಧೇಯತೆ ಅವರು ಕೊಡುವ ಮಾತು. ಫ್ರಾನ್ಸಿಸ್ಕನ್, ಯೇಸುಸಭೆಯಂಥ ಸನ್ಯಾಸಿ ಸಭೆಗಳಿಗೆ ಸೇರಿದವರು ಮೂರು ವ್ರತಗಳನ್ನೂ ತೊಡುತ್ತಾರೆ. ಅಂದಹಾಗೆ ಬ್ರಹ್ಮಚರ್ಯ ಒಂದು ಶಿಸ್ತು, ಬದಲಾಗದ ಸಿದ್ಧಾಂತವಲ್ಲ. ಪೋಪ್ ಜೊತೆ ಒಂದಾಗಿದ್ದೂ ತಮ್ಮದೇ ಸಂಪ್ರದಾಯ ಪಾಲಿಸುವ ಪೂರ್ವದ ಕಥೋಲಿಕ ಸಭೆಗಳಲ್ಲಿ ಮದುವೆಯಾದ ಗುರುಗಳು ಇದ್ದಾರೆ.

ಸಿಸ್ಟರ್ ಆಗುವವರಿಗೆ ಕನಿಷ್ಠ ಒಂದು ವರ್ಷದ ನೊವಿಶಿಯೇಟ್ ಅನ್ನುವ ಆರಂಭದ ತರಬೇತಿ, ಆಮೇಲೆ ಕನಿಷ್ಠ 3 ವರ್ಷ ತಾತ್ಕಾಲಿಕ ವ್ರತ, ಅದಾದ ಮೇಲಷ್ಟೇ ಜೀವನಪೂರ್ತಿಯ ವ್ರತ. ಇಷ್ಟೊಂದು ಮೆಟ್ಟಿಲು ಇಟ್ಟಿರುವುದೇ ಯೋಚಿಸಿ ಹಿಂತಿರುಗಲು ಜಾಗ ಇರಲಿ ಅಂತ. ಗುರುಗಳಾಗಲು ಓದುವ ಸೆಮಿನರಿ ಬಿಟ್ಟು ಬಂದ ಹುಡುಗನನ್ನು ಸೋತವನಂತೆ ನೋಡುವ ಮನೆಯವರ ಮೇಲೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಅವನು ಪ್ರಾಮಾಣಿಕವಾಗಿ ಹುಡುಕಿದ್ದಾನೆ, ಉತ್ತರ ಮದುವೆಯ ಕಡೆಗೆ ಬಂದಿದೆ. ಮದುವೆಯೂ ಸಪ್ತ ಸಂಸ್ಕಾರಗಳಲ್ಲಿ ಒಂದು, ಅಲ್ವಾ?

ಮನಸ್ಸಿನಲ್ಲಿ ಆ ಸೆಳೆತ ಇದ್ದರೆ ಪರಿಚಯದ ಒಬ್ಬ ಫಾದರ್ ಅಥವಾ ಸಿಸ್ಟರ್ ಹತ್ತಿರ ಮಾತಾಡಿ. ಎಷ್ಟೋ ಸನ್ಯಾಸ ಸಭೆಗಳು ಕೆಲವು ದಿನ ತಮ್ಮ ಜೊತೆ ಇದ್ದು ನೋಡಲು ಅವಕಾಶ ಕೊಡುತ್ತವೆ. ಹೋಗಿ ಬಂದ ಮಾತ್ರಕ್ಕೆ ಸೇರಲೇಬೇಕು ಅಂತೇನಿಲ್ಲ.